ಸರಾಸರಿಯ ಹಿಂದೆ ಅಡಗಿದ್ದ ಏರಿಳಿತ: ಆರು ತಿಂಗಳು ಬಳಸಿದ ಗ್ಲೂಕೋಸ್ ಸೆನ್ಸರ್

ಟೈಪ್ ಒನ್ ಮಧುಮೇಹದೊಂದಿಗೆ ಹತ್ತೊಂಬತ್ತು ವರ್ಷಗಳಿಂದ ಬದುಕುತ್ತಿರುವ ನಾನು, ತೋಳಿನ ಹಿಂಭಾಗಕ್ಕೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್ ಒಂದನ್ನು ಆರು ತಿಂಗಳಿಂದ ಬಳಸುತ್ತಿದ್ದೇನೆ. ಅದು 5 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 288 ಬಾರಿ ಅಳೆಯುತ್ತದೆ. ಒಮ್ಮೆ ಅಂಟಿಸಿದರೆ 14 ದಿನ ಕೆಲಸ ಮಾಡುತ್ತದೆ. ಕೊಳ್ಳುವ ಮುನ್ನ ರಕ್ತಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ ಶೇ. 7.0 ಇತ್ತು, ಅದನ್ನು ಕಂಡು ವೈದ್ಯರೂ ನಾನೂ ಸಮಾಧಾನದಿಂದಿದ್ದೆವು. ಆದರೆ ಆ ಪರೀಕ್ಷೆ ಹೇಳುವುದು ಎರಡು ಮೂರು ತಿಂಗಳ ಸರಾಸರಿಯನ್ನಷ್ಟೆ. ರಾತ್ರಿ ರಕ್ತದ ಸಕ್ಕರೆ 55ಕ್ಕೆ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಕುಸಿದು ಊಟವಾದ ಮೇಲೆ 280ಕ್ಕೆ ಏರುವವರಿಗೂ, ದಿನವಿಡೀ 130ರಿಂದ 180ರೊಳಗೆ ಇರುವವರಿಗೂ ಅದು ಒಂದೇ ಅಂಕಿಯನ್ನು ಕೊಡಬಲ್ಲದು. ನಾನು ಮೊದಲನೆಯ ಗುಂಪಿಗೆ ಸೇರಿದ್ದೆ ಎಂಬುದು ಮೊದಲ ಸೆನ್ಸರ್ ಮುಗಿಯುವಷ್ಟರಲ್ಲೇ ತಿಳಿಯಿತು.

ಏರಿಳಿತವನ್ನು ಅಳೆಯಲು ಈ ಸಾಧನದ ವರದಿಯಲ್ಲಿರುವ ಅತ್ಯಂತ ಉಪಯುಕ್ತ ಅಂಕಿ ಏರಿಳಿತದ ಗುಣಾಂಕ (ಕೋಎಫಿಶಿಯೆಂಟ್ ಆಫ್ ವೇರಿಯೇಶನ್). ಎಲ್ಲ ಅಳತೆಗಳ ಮಾನಕ ವಿಚಲನೆಯನ್ನು, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು, ಸರಾಸರಿಯಿಂದ ಭಾಗಿಸಿ ಶೇಕಡಾವಾರಿನಲ್ಲಿ ಹೇಳಿದರೆ ಅದು ಸಿಗುತ್ತದೆ. 2019ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಪ್ರಕಾರ ಇದು ಶೇ. 36ನ್ನು ಮೀರಬಾರದು, ಜೊತೆಗೆ, ಹೆಚ್ಚಿನ ವಯಸ್ಕರಲ್ಲಿ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆ 70ರಿಂದ 180ರೊಳಗೆ ಇರಬೇಕು, 70ಕ್ಕಿಂತ ಕೆಳಗಿರುವ ಹೊತ್ತು ಶೇ. 4ಕ್ಕಿಂತ ಕಡಿಮೆಯಿರಬೇಕು. ನನ್ನ ಮೊದಲ ವರದಿಯಲ್ಲಿ ಸರಾಸರಿ 154, ಮಾನಕ ವಿಚಲನೆ 65, ಗುಣಾಂಕ ಶೇ. 42. ವೈದ್ಯರ ಸಲಹೆಯಂತೆ ರಾತ್ರಿಯ ದೀರ್ಘಾವಧಿ ಇನ್ಸುಲಿನ್ನನ್ನು ತುಸು ಇಳಿಸಿ, ಊಟದ ಇನ್ಸುಲಿನ್ನನ್ನು ಕಾಲು ಗಂಟೆ ಮುಂಚೆ ಚುಚ್ಚಿಕೊಳ್ಳತೊಡಗಿದ ಮೇಲೆ ಸರಾಸರಿ 156ರಲ್ಲೇ ನಿಂತಿತು, ಗುಣಾಂಕ ಮಾತ್ರ ಶೇ. 33ಕ್ಕೆ ಇಳಿಯಿತು. ಎಚ್‌ಬಿಎ1ಸಿಯೊಂದನ್ನೇ ನೋಡುವವರಿಗೆ ಏನೂ ಬದಲಾಗಿಲ್ಲವೆಂದೇ ತೋರುತ್ತದೆ, ಆದರೆ ನಡುರಾತ್ರಿ ಸಕ್ಕರೆ ಕುಸಿದು ಬೆವೆತು ಏಳುವುದು ನನಗೆ ನಿಂತುಹೋಗಿದೆ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು ಎಂಬುದನ್ನು ಕೊಳ್ಳುವವರು ಚೆನ್ನಾಗಿ ಅರಿತಿರಬೇಕು. ಸಕ್ಕರೆ ವೇಗವಾಗಿ ಬದಲಾಗುವಾಗ ಅದರ ಅಂಕಿ ಕೆಲವು ನಿಮಿಷ ಹಿಂದೆ ಉಳಿಯುತ್ತದೆ. ಒಮ್ಮೆ ಸೆನ್ಸರ್ 90 ತೋರಿಸುತ್ತಿದ್ದಾಗ ಕೈ ನಡುಗಿ, ಬೆರಳು ಚುಚ್ಚಿ ನೋಡಿದರೆ 66 ಇತ್ತು. ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಚೇತರಿಕೆಯ ಹೊತ್ತು: ಗ್ಲೂಕೋಸ್ ತಿಂದು ರಕ್ತದಲ್ಲಿ ಸಕ್ಕರೆ ಏರಿದ್ದರೂ ಪರದೆಯ ಮೇಲೆ ಇನ್ನೂ 60 ಕಾಣುವುದರಿಂದ, ಗಾಬರಿಯಲ್ಲಿ ಮತ್ತೆ ತಿಂದು, ಎರಡು ಗಂಟೆಯ ನಂತರ 250 ದಾಟಿದ್ದು ನನಗೆ ಹಲವು ಬಾರಿ ಆಗಿದೆ. ಈಗ ಸಕ್ಕರೆ ಕುಸಿದ ಮೇಲಿನ ಮೊದಲ ಅರ್ಧ ಗಂಟೆ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರನ್ನೇ ನಂಬುತ್ತೇನೆ. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೂ ಒತ್ತಡದಿಂದಾಗಿ ಸುಳ್ಳು ಕುಸಿತ ದಾಖಲಾಗಿ ಅಲಾರಂ ಹೊಡೆಯುತ್ತದೆ. ಮಗ್ಗುಲು ಬದಲಿಸಿದರೆ ಪರದೆಯ ಮೇಲಿನ ಸಕ್ಕರೆಯ ಗೆರೆ ತಾನಾಗಿ ಮೇಲೇಳುತ್ತದೆ. ಅಂಟಿಸಿದ ಮೊದಲ ದಿನದ ಅಂಕಿಗಳಲ್ಲೂ ವ್ಯತ್ಯಾಸ ಹೆಚ್ಚು.

ಅಂಟು ಗಟ್ಟಿಯಾಗಿದೆ, ಬ್ಯಾಟರಿಯ ಚಿಂತೆಯಿಲ್ಲ. ನನ್ನ ನಿಜವಾದ ಆಕ್ಷೇಪವಿರುವುದು ವರದಿಯ ವಿನ್ಯಾಸದ ಬಗ್ಗೆ. ಸರಾಸರಿಯನ್ನು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ, ಏರಿಳಿತದ ಗುಣಾಂಕವನ್ನು ಮೂರನೆಯ ಪುಟದ ಮೂಲೆಯಲ್ಲಿ ಸಣ್ಣದಾಗಿ ಇಟ್ಟಿದ್ದಾರೆ. ಹಾಗಾಗಿ ಪ್ರತಿ ಬಾರಿಯೂ ಆ ಅಂಕಿಯನ್ನು ಮೊದಲ ಪುಟದ ತಲೆಯಲ್ಲಿ ಕೆಂಪು ಶಾಯಿಯಿಂದ ಬರೆದೇ ವೈದ್ಯರ ಕೈಗೆ ಕೊಡುತ್ತಿದ್ದೇನೆ.