ದೋಸೆ ಬಿಲ್ ಹಿಡಿದು ಇನ್ವರ್ಸ್ ಕಲಿಸುವ ಟ್ಯೂಷನ್

ಮಗಳು ಸೆಕೆಂಡ್ ಪಿಯುಸಿ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ ಮೇಲೆ ನಡೆಯುವ ಗಣಿತ ಟ್ಯೂಷನ್‌ಗೆ ಹೋಗುತ್ತಾಳೆ. ಹೆಸರು ಹಾಕುವುದಿಲ್ಲ, ಸ್ವಲ್ಪ ಬೈಯುವುದೂ ಇದೆ.

ಫಂಕ್ಷನ್ ಅಂದರೆ ಒಂದು ಸಂಖ್ಯೆ ಹಾಕಿದರೆ ಒಂದು ಉತ್ತರ ಕೊಡುವ ನಿಯಮ, ಆ ಉತ್ತರದಿಂದ ಹಾಕಿದ ಸಂಖ್ಯೆಗೆ ವಾಪಸ್ ಹೋಗುವುದು ಅದರ ಇನ್ವರ್ಸ್. ಆದರೆ ಇನ್ವರ್ಸ್ ಅಂದರೆ 'ಎಕ್ಸ್ ಜಾಗಕ್ಕೆ ವೈ, ವೈ ಜಾಗಕ್ಕೆ ಎಕ್ಸ್, ಆಮೇಲೆ ಬಿಡಿಸು' ಅಂತ ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಇಲ್ಲಿ ಸರ್ ಬೋರ್ಡ್ ಮೇಲೆ ದೋಸೆ ಬಿಲ್ ಬರೆದರಂತೆ. ದೋಸೆ 40 ರೂಪಾಯಿ, ಪಾರ್ಸೆಲ್‌ಗೆ ಒಟ್ಟು 10. ದೋಸೆ ಎಕ್ಸ್, ಬಿಲ್ ವೈ ಅಂದರೆ ವೈ = 40ಎಕ್ಸ್ + 10. ಬಿಲ್ 250 ಆಗಿದೆ, ದೋಸೆ ಎಷ್ಟು? ಕೊನೆಗೆ ಸೇರಿಸಿದ 10 ಮೊದಲು ಕಳೆಯಬೇಕು, ಆಮೇಲೆ 40ರಿಂದ ಭಾಗಿಸಬೇಕು, 6 ದೋಸೆ. ನನ್ನ ಮಗಳು ಮೊದಲು ಭಾಗಿಸಿ ಆಮೇಲೆ 10 ಕಳೆದು ಮೈನಸ್ 3.75 ದೋಸೆ ತಂದಿಟ್ಟಳು! ಇಡೀ ಬ್ಯಾಚ್ ನಕ್ಕಿತಂತೆ, ಆದರೆ ಅವತ್ತಿನಿಂದ ಕ್ರಮ ತಪ್ಪಿಲ್ಲ. ಇನ್ವರ್ಸ್ ಅಂತ ತೋರಿಸಲು ಫಂಕ್ಷನ್‌ನ ಗುರುತಾದ ಎಫ್ ತಲೆ ಮೇಲೆ ಬರೆಯುವ ಮೈನಸ್ ಒಂದನ್ನು ನೋಡಿ 'ಒಂದು ಬೈ ಎಫ್' ಅಂದುಕೊಳ್ಳುವ ತಪ್ಪೂ ಹೋಯಿತು. 6 ದೋಸೆ ಬರಬೇಕಾದ ಕಡೆ 250ರಲ್ಲಿ 1 ಭಾಗ ಬಂದರೆ ಯಾರಿಗೆ ಬೇಕು?

ಗ್ರಾಫ್ ಶೀಟ್ ಮಡಿಸಿ ತೋರಿಸಿದ್ದು ನನಗೂ ಇಷ್ಟವಾಯಿತು. ವೈ = 2ಎಕ್ಸ್ + 3 ಗೆರೆ, ಅದರ ಇನ್ವರ್ಸ್ ಗೆರೆ, ಎರಡನ್ನೂ ಎಳೆದು ವೈ = ಎಕ್ಸ್ ಗೆರೆಯ ಮೇಲೆ ಹಾಳೆ ಮಡಿಸಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. 1, 5 ಬಿಂದು ಹೋಗಿ 5, 1ರ ಮೇಲೆ ಬೀಳುತ್ತದೆ.

ಈಗ ಬೈಗುಳ. ಎಕ್ಸ್‌ಗೆ ಗುಣಿಸುವ ಸಂಖ್ಯೆ (ದೋಸೆ ಬಿಲ್‌ನ 40ರ ಜಾಗದ್ದು) ಸೊನ್ನೆ ಆದರೆ ಏನಾಗುತ್ತೆ ಅಂತ ಮಗಳು ಕೇಳಿದ್ದಾಳೆ. 'ಅದು ಎಕ್ಸಾಮಿಗೆ ಬರಲ್ಲ, ಸುಮ್ನೆ ಕೂತ್ಕೋ' ಅಂದರಂತೆ. ಇಷ್ಟು ಚೆನ್ನಾಗಿ ಹೋಟೆಲ್ ಉದಾಹರಣೆ ಕೊಡುವವರು ಅನ್‌ಲಿಮಿಟೆಡ್ ಊಟ ನೆನಪಿಸಿದ್ದರೆ ಸಾಕಿತ್ತು ಅಲ್ವಾ? ಎರಡು ಚಪಾತಿ ತಿಂದರೂ ಹತ್ತು ತಿಂದರೂ ಒಂದೇ ಬಿಲ್, ಬಿಲ್ ನೋಡಿ ಚಪಾತಿ ಎಣಿಸಲು ಆಗಲ್ಲ, ಅಂದರೆ ಇನ್ವರ್ಸ್ ಇಲ್ಲ. ಕೊನೆಗೆ ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿಕೊಟ್ಟೆ.

ಬ್ಯಾಚ್‌ನಲ್ಲಿ ಮಕ್ಕಳು ಜಾಸ್ತಿ, ಫ್ಯಾನ್ ಎರಡೇ. ಗಾಡಿ ನಿಲ್ಲಿಸಲು ಜಾಗವಿಲ್ಲ, ಸೈಕಲ್ ಕೊಟ್ಟು ಕಳಿಸಿ. ಬೆಳಗ್ಗೆ ಆರರ ಬ್ಯಾಚ್‌ಗೇ ಸೇರಿಸಿ, ಸಂಜೆ ಹೊತ್ತಿಗೆ ಸರ್ ಸುಸ್ತಾಗಿರುತ್ತಾರೆ.