ಬಟ್ಟೆ ಚೌಕಾಬಾರ: ಮಾತಾಡದ ಮಗುವಿರುವ ಮನೆಗೆ ಕೊಳ್ಳಬಹುದೇ?

650 ರೂಪಾಯಿ ಕೊಟ್ಟು ಚೌಕಾಬಾರ ಕೊಂಡೆ ಅಂದರೆ ನನ್ನ ವಾರಿಗೆಯವರು ನಗುತ್ತಾರೆ. ಸೀಮೆಸುಣ್ಣ, ಒಂದು ಬದಿ ತೇಯ್ದ ನಾಲ್ಕು ಹುಣಸೆಬೀಜ, ಒಂದಷ್ಟು ಬಳೆಚೂರು, ಇಷ್ಟರಲ್ಲೇ ಆಗಿಹೋಗುತ್ತಿದ್ದ ಆಟ. ಆದರೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ನುಣ್ಣನೆ ಟೈಲ್ಸ್ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಅದಕ್ಕೇ ಅರಸು ರಸ್ತೆಯ ಅಂಗಡಿಯೊಂದರಿಂದ ಬಟ್ಟೆಯ ಮೇಲೆ ಅಚ್ಚು ಹಾಕಿದ ಮನೆ, ಕವಡೆ, ಬಣ್ಣದ ಮರದ ಕಾಯಿಗಳಿರುವ ಸೆಟ್ಟು ತಂದೆ, ಎರಡನೇ ಕ್ಲಾಸಿನ ಮೊಮ್ಮಗಳಿಗೆ.

ಮನೆಯೊಳಗೆ ಅವಳದು ವಟವಟ. ಹೊಸಿಲು ದಾಟಿದರೆ ಬಾಯಿಗೆ ಬೀಗ. ಬೇಸಿಗೆಯಲ್ಲಿ ಮಗ, ಸೊಸೆ ಅವಳನ್ನು ‘ವ್ಯಕ್ತಿತ್ವ ವಿಕಸನ’ದ ಶಿಬಿರವೊಂದಕ್ಕೆ ಸೇರಿಸಿದ್ದರು. ಮೊದಲ ದಿನವೇ ಕೈಗೆ ಮೈಕ್ ಕೊಟ್ಟು ‘ನಿನ್ನ ಬಗ್ಗೆ ಹೇಳಮ್ಮ’ ಅಂದರಂತೆ. ಮಾರನೇ ದಿನ ಹೊಟ್ಟೆನೋವು. ಕಟ್ಟಿದ ಫೀಸು ಅಲ್ಲಿಗೇ ಸಮರ್ಪಣೆ.

ಚೌಕಾಬಾರದಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಎಲ್ಲರ ಕಣ್ಣೂ ಕವಡೆಯ ಮೇಲೆ. ಸರದಿ ತಾನಾಗಿ ಬರುತ್ತದೆ, ಕೇಳಿ ಪಡೆಯಬೇಕಾಗಿಲ್ಲ. ಬಿದ್ದದ್ದನ್ನು ಕೂಗಿ ಹೇಳಲೇಬೇಕು: ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಭಾಗ್ಯ. ಗೆಲುವು ಅರ್ಧ ಅದೃಷ್ಟದ ಕೈಯಲ್ಲಿರುವುದರಿಂದ ಐದನೇ ಕ್ಲಾಸಿನವನನ್ನು ಎರಡನೇ ಕ್ಲಾಸಿನವಳು ಸೋಲಿಸಬಹುದು.

ಎದುರುಮನೆ ಅಣ್ಣತಂಗಿಯರನ್ನು ಕರೆದು ಕೂರಿಸಿ ನಾನು ಅಡುಗೆಮನೆಗೆ ಹೋದೆ. (ದೊಡ್ಡವರು ಪಕ್ಕದಲ್ಲಿ ಕೂತು ‘ಮಾತಾಡು ಪುಟ್ಟಿ’ ಅನ್ನುತ್ತಿದ್ದರೆ ಈ ಆಟವೂ ಶಿಬಿರವೇ.) ನಮ್ಮ ಮನೆಯ ಕಟ್ಟಳೆ, ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇವಳಿಗೆ ಹೊಡೆಯಲು ಸಂಕೋಚ! ಹುಡುಗನ ಕಾಯಿ ಎದುರಿಗೇ ಇದ್ದರೂ ಬೇರೆ ಕಾಯಿ ನಡೆಸಿಕೊಂಡು ಹೊರಸುತ್ತಿನಲ್ಲೇ ಪ್ರದಕ್ಷಿಣೆ ಹಾಕುತ್ತಿದ್ದಳು. ಅವನು ಮಾತ್ರ ಇವಳದನ್ನು ಹೊಡೆದು ಹೊಡೆದು ಮನೆಗೆ ಕಳಿಸುತ್ತಿದ್ದ.

ಬಟ್ಟೆಯ ದೋಷವೊಂದು ಇಲ್ಲೇ ಉಪಕಾರಕ್ಕೆ ಬಂತು. ಮಡಿಸಿದ ಗೆರೆ ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ, ಕವಡೆ ಅದಕ್ಕೆ ಒರಗಿ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ನೋಡಿ ಹುಡುಗ ‘ಬಾರಾ’ ಅಂದ. ಒಳಗಿದ್ದ ನನಗೆ ಕೇಳಿಸಿದ್ದು ಮೊಮ್ಮಗಳ ದನಿ: ‘ಅದು ಓರೆ! ಬಾರಾ ಅಲ್ಲ, ಮತ್ತೆ ಹಾಕು.’ ಅವನು ಒಪ್ಪಲಿಲ್ಲ, ಇವಳೂ ಬಿಡಲಿಲ್ಲ. ತಂಗಿ ಅಣ್ಣನನ್ನು ಬಿಟ್ಟು ಇವಳ ಕಡೆ ಸೇರಿದಳು. ಮತ್ತೆ ಹಾಕಿದ, ಒಂದು ಬಿತ್ತು. ಮುಂದಿನ ಸರದಿಯಲ್ಲಿ ಅವನ ಕಾಯಿಗೆ ಬಿತ್ತು ಏಟು. ಈಗ ಆ ಹುಡುಗಿಯೇ ಬಂದು ‘ಅಜ್ಜಿ, ಅವಳಿದ್ದಾಳಾ?’ ಅಂತ ಕೇಳುತ್ತಾಳೆ. ಮೊಮ್ಮಗಳು ಶಾಲೆಯಲ್ಲಿ ಇನ್ನೂ ಮೆತ್ತಗೇ ಇದ್ದಾಳಂತೆ, ಇರಲಿ. ಒಬ್ಬಿಬ್ಬರು ಗೆಳತಿಯರಿದ್ದರೆ ಸಾಕು.

ಡಬ್ಬದ ಮೇಲೆ ‘ಆತ್ಮವಿಶ್ವಾಸ ಹೆಚ್ಚಿಸುತ್ತದೆ’ ಎಂದು ಅಚ್ಚು ಹಾಕಿದ್ದಾರೆ. ಅದು ವ್ಯಾಪಾರದ ಮಾತು. ಸಂಕೋಚದ ಸ್ವಭಾವ ಕಾಯಿಲೆಯೂ ಅಲ್ಲ, ಕವಡೆ ಅದಕ್ಕೆ ಔಷಧಿಯೂ ಅಲ್ಲ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿಯನ್ನೇ ಬಿಚ್ಚುವುದಿಲ್ಲ ಅಂತಾದರೆ ಮಾತ್ರ ಅದು ಬೇರೆ ವಿಷಯ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯೇ ಇದೆ, ಅಲ್ಲಿ ತೋರಿಸಿ.

ಸಾಮಾನಿನ ಗುಣಮಟ್ಟ ಹೇಳುವುದಾದರೆ, ಅಚ್ಚು ಚೆನ್ನಾಗಿದೆ, ಒಗೆದರೂ ಬಣ್ಣ ಬಿಟ್ಟಿಲ್ಲ. ಕಾಯಿಗಳಲ್ಲಿ ಕೆಂಪಿಗೂ ಕಿತ್ತಳೆಗೂ ಟ್ಯೂಬ್‌ಲೈಟಿನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಕಿತ್ತಳೆಯವಕ್ಕೆ ನೈಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇವೆ. ನಿಯಮದ ಚೀಟಿ ಇಂಗ್ಲಿಷಿನಲ್ಲಿ ಮಾತ್ರ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ಮೇಲಿನ ಹುಚ್ಚಿಗೆ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೇ ಅವುಗಳ ಚಿತ್ರ ಬರೆಸಿದ ಊರಿದು, ಕನ್ನಡದಲ್ಲಿ ಒಂದು ಚೀಟಿ ಹಾಕಲು ಏನು ಕಷ್ಟವೋ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವವರು ಮಡಿಸಿಟ್ಟದ್ದು ಬಿಟ್ಟು ಸುರುಳಿ ಸುತ್ತಿದ್ದನ್ನು ಕೇಳಿ ತಗೊಳ್ಳಿ. ಮನೆಯಲ್ಲಿ ಅಂಬೆಗಾಲಿನ ಕೂಸಿದ್ದರೆ ಆಟ ಮುಗಿದ ಕೂಡಲೇ ಕವಡೆ ಎಣಿಸಿ ಎತ್ತಿಡಿ, ಬಾಯಿಗೆ ಹಾಕಿಕೊಳ್ಳುವ ಗಾತ್ರದವು.