ಹಳೇ ಮರಳನ್ನು ಹಳೇ ಮನೆಯಲ್ಲೇ ಬಿಟ್ಟು ಬನ್ನಿ

ಆಷಾಢಕ್ಕೆ ಮುಂಚೆ ಮನೆ ಬದಲಿಸುವವರ ಪೈಕಿ ಯಾರಾದರೂ ಉಪ್ಪುನೀರಿನ ಟ್ಯಾಂಕ್ (ಸಮುದ್ರದ ಮೀನು, ಹವಳ ಸಾಕುವ ಅಕ್ವೇರಿಯಂ) ಇಟ್ಟುಕೊಂಡಿದ್ದರೆ ಇದನ್ನು ಓದಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದ್ರೆ ಇಷ್ಟು ಸಾಕು: ಹಳೇ ಟ್ಯಾಂಕಿನ ಮರಳನ್ನು ಹೊಸ ಮನೆಗೆ ತರಬೇಡಿ. ಒಂದು ಹಿಡಿಯೂ ಬೇಡ. ನಾನು ತಂದಿದ್ದೆ. 11 ವರ್ಷ ನಡೆಸಿದ್ದ ಟ್ಯಾಂಕು ಒಂದೇ ರಾತ್ರಿಯಲ್ಲಿ ಹೋಯಿತು.

ಟ್ಯಾಂಕು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ರಾಜಾಜಿನಗರದ ಬಾಡಿಗೆ ಮನೆಯ ಹಾಲಿನಲ್ಲಿತ್ತು. ಕೆಳಗೆ ಸಂಪು (ಮನೆ ಮುಂದಿನ ನೀರಿನ ಸಂಪಲ್ಲ, ಫಿಲ್ಟರ್ ಇಡುವ ಗಾಜಿನ ಡಬ್ಬ), ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್, ಬೇಸಿಗೆಯಲ್ಲಿ ನೀರು ತಂಪು ಮಾಡೋಕೆ ಒಂದು ಚಿಲ್ಲರ್. ಒಂದು ಜೋಡಿ ಕ್ಲೌನ್ ಫಿಶ್, ಒಂದು ಹಳದಿ ಟ್ಯಾಂಗ್ ಮೀನು, ಒಂದು ಫಾಕ್ಸ್‌ಫೇಸ್ ಮೀನು, ಎರಡು ಕ್ಲೀನರ್ ಸೀಗಡಿ. ಮೆತ್ತನೆ ಹವಳಗಳಲ್ಲಿ ಲೆದರ್, ಮಶ್ರೂಮ್, ಜೋವಾಂಥಿಡ್. ಗಟ್ಟಿ ಹವಳ ಇಟ್ಟಿರಲಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಅಂಗಡಿಯವರು ಏನೇ ಹೇಳಲಿ, ಅದನ್ನು ಗಾಡಿಗೆ ಹೇರಿಕೊಂಡು ಬೆಂಗಳೂರು ಸುತ್ತುವ ಧೈರ್ಯ ಮಾಡಬೇಡಿ.

ಕ್ಲೌನ್ ಜೋಡಿ ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡದು. ಅವಳಿಗೆ ಮಾತು ಬಂದ ಮೇಲೆ ಅವಕ್ಕೆ ರಾಜ, ರಾಣಿ ಅಂತ ಹೆಸರಿಟ್ಟಳು.

ಮನೆ ಓನರ್ ಜೂನ್ ಕೊನೆಗೆ ಖಾಲಿ ಮಾಡಿ ಅಂದರು. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಸಿಕ್ಕಿತು. ಆದರೆ ಆಷಾಢಕ್ಕೆ ಐದೇ ದಿನ ಬಾಕಿ. ಅಮ್ಮ ಪಟ್ಟು ಹಿಡಿದರು: "ಆಷಾಢದಲ್ಲಿ ಯಾರಾದ್ರೂ ಹಾಲು ಉಕ್ಕಿಸ್ತಾರೇನೋ? ಅಷ್ಟರೊಳಗೆ ಹೋಗಿಬಿಡೋಣ." ಶುಕ್ರವಾರ ಬೆಳಗ್ಗೆ ಹಾಲು ಉಕ್ಕಿಸಿದ್ದಾಯಿತು. ಶನಿವಾರ ಸಾಮಾನು, ಅದೇ ದಿನ ಟ್ಯಾಂಕು. ಅಮ್ಮನನ್ನು ದೂರಲ್ಲ. ಮನೆ ಬದಲಿಸುವ ದಿನವೇ ಟ್ಯಾಂಕೂ ಬದಲಿಸಬೇಕು ಅಂತ ಪಂಚಾಂಗದಲ್ಲಿ ಬರೆದಿರಲಿಲ್ಲ, ಅದು ನನ್ನ ಬುದ್ಧಿ.

ಟ್ಯಾಂಕ್ ಸಾಗಿಸೋಕೆ ಒಂದು ಅಕ್ವೇರಿಯಂ ಅಂಗಡಿಯವರನ್ನು ಕರೆದಿದ್ದೆ. ಹೆಸರು ಬೇಡ. ಮಾತಿನಲ್ಲಿ ಗಟ್ಟಿ ಮನುಷ್ಯ. "ನಾಲ್ಕು ಗಂಟೆ ಕೆಲಸ ಸರ್, ತಲೆ ಕೆಡಿಸ್ಕೋಬೇಡಿ" ಅಂದ. ಅವನ ಲೆಕ್ಕ ಹೀಗಿತ್ತು. ಹಳೇ ನೀರನ್ನು ಡ್ರಮ್ಮಿಗೆ ತುಂಬುವುದು. ಕಲ್ಲು ಕ್ರೇಟಿಗೆ, ಮೀನು ಚೀಲಕ್ಕೆ. ಮರಳಲ್ಲಿ ಅರ್ಧ ಬಕೆಟ್ಟಿಗೆ, ಇನ್ನರ್ಧ ಟ್ಯಾಂಕಿನ ತಳದಲ್ಲೇ. ಅಲ್ಲಿ ಹೋಗಿ ಎಲ್ಲ ವಾಪಸ್ ಸುರಿಯುವುದು.

ಮರಳು ಯಾಕೆ ಅಂತ ಕೇಳಿದೆ. "ಅದ್ರಲ್ಲೇ ಸರ್ ಬ್ಯಾಕ್ಟೀರಿಯಾ ಇರೋದು. ಅದನ್ನ ಬಿಸಾಕಿದ್ರೆ ಮತ್ತೆ ಮೊದ್ಲಿಂದ ಸೈಕಲ್ ಆಗ್ಬೇಕು." ಸೈಕಲ್ ಅಂದ್ರೆ ಆ ಬ್ಯಾಕ್ಟೀರಿಯಾ ಹೊಸದಾಗಿ ಬೆಳೆದು ನೀರು ಹದಕ್ಕೆ ಬರೋದು. ನನಗೂ ಸರಿ ಅನ್ನಿಸಿತು. ಅರ್ಧ ಸತ್ಯ ಯಾವಾಗಲೂ ಸರಿ ಅನ್ನಿಸುತ್ತೆ, ಅಲ್ವಾ?

ಮೀನಿನ ಕಿವಿರಿನಿಂದ, ಮಿಕ್ಕ ಊಟದಿಂದ ಅಮೋನಿಯಾ ಬರುತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ಇವು ನೀರಿನಲ್ಲಿ ತೇಲಾಡುವುದು ತೀರಾ ಕಡಿಮೆ. ಕಲ್ಲಿನ ಮೈಮೇಲೆ, ಮರಳಿನ ಮೇಲ್ಪದರದಲ್ಲಿ ಅಂಟಿಕೊಂಡಿರುತ್ತವೆ. ಇಲ್ಲಿವರೆಗೆ ಅವನು ಹೇಳಿದ್ದು ಸರಿ. ಆದರೆ ನನ್ನ ಮೀನುಗಳಿಗೆ ಕಲ್ಲಿನ ಮೇಲಿದ್ದ ಬ್ಯಾಕ್ಟೀರಿಯಾನೇ ಬೇಕಾದಷ್ಟಾಗುತ್ತಿತ್ತು. ಮರಳಿನ ಆಳದಲ್ಲಿ ಇರೋದೇ ಬೇರೆ. ನನ್ನದು ನಾಲ್ಕು ಇಂಚು ದಪ್ಪದ ಮರಳು. ಅಷ್ಟು ಕೆಳಗೆ ಆಮ್ಲಜನಕ ಹೋಗಲ್ಲ. 11 ವರ್ಷದ ಹಿಕ್ಕೆ, ಕೊಳೆತ ಊಟ, ಸತ್ತ ಹುಳು, ಎಲ್ಲ ಅಲ್ಲೇ ಕೂತಿರುತ್ತೆ. ಆಮ್ಲಜನಕ ಇಲ್ಲದ ಕಡೆ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಳ್ಳುತ್ತೆ, ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು. ಸುಮ್ನೆ ಬಿಟ್ಟರೆ ವರ್ಷಗಟ್ಟಲೆ ಏನೂ ಮಾಡಲ್ಲ. ಕೆದಕಿದಿರೋ, ಎಲ್ಲ ಒಂದೇ ಸಲ ನೀರಿಗೆ ಬರುತ್ತೆ. ಗಾಜಿನ ಹೊರಗಿಂದಲೇ ಮರಳಿನಲ್ಲಿ ಕಪ್ಪು ಗೆರೆ ಕಾಣ್ತಿತ್ತು. ದಿನಾ ನೋಡ್ತಿದ್ದೆ. ಅದರ ಅರ್ಥವನ್ನು ಮಾತ್ರ ಯೋಚಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ಒಂದಕ್ಕೆ ಮೀನು ಹಿಡಿದು ಚೀಲಕ್ಕೆ ಹಾಕಿದರು. ಆಮೇಲೆ ಮರಳು ಬಗೆದರು. ಇಡೀ ಹಾಲಿಗೆ ಮೊಟ್ಟೆ ವಾಸನೆ. ನನ್ನ ಹೆಂಡತಿ ಅಡುಗೆಮನೆಯಿಂದ "ಏನ್ರೀ ಅದು, ಗ್ಯಾಸ್ ಲೀಕಾ?" ಅಂತ ಓಡಿ ಬಂದಳು. ನಾನು ನಕ್ಕೆ.

ಟ್ಯಾಂಕನ್ನು ತಳದ ಮರಳಿನ ಸಮೇತ ಐದು ಜನ ಎತ್ತಿದರು. 12 ಎಂಎಂ ಗಾಜು, ಬರೀ ಟ್ಯಾಂಕೇ 85 ಕೆಜಿ ಹತ್ತಿರ. ಎರಡು ಇಂಚು ಒದ್ದೆ ಮರಳು ಅಂದ್ರೆ ಅದರ ಮೇಲೆ ಇನ್ನೂ 70 ಕೆಜಿ. ಮೆಟ್ಟಿಲ ತಿರುವಿನಲ್ಲಿ ಒಂದು ಮೂಲೆ ಇಳಿಯಿತು, ಇನ್ನೊಂದು ಮೂಲೆ ಏರಿತು. ಗಾಜು ಒಡೆಯಲಿಲ್ಲ, ಸದ್ಯ ಅಂದುಕೊಂಡೆ. ಮೂರನೇ ದಿನ ಹಿಂದಿನ ಮೂಲೆಯಿಂದ ಹನಿ ಹನಿಯಾಗಿ ನೀರು ಇಳಿಯೋಕೆ ಶುರುವಾಯಿತು. ಗಾಜು ಅಂಟಿಸಿರುವ ಹಳೇ ಸಿಲಿಕೋನ್ ತಿರುಚಿದರೆ ತಡೆಯಲ್ಲ. ಟ್ಯಾಂಕ್ ಎತ್ತುವಾಗ ಒಳಗೆ ಏನೂ ಇರಬಾರದು. ನೀರು, ಮರಳು, ಕಲ್ಲು, ಯಾವುದೂ.

ಫ್ಲ್ಯಾಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದರು. ಸಾಮಾನು ಸಾಗಿಸೋದು ಸಂಜೆ ಆರರವರೆಗೆ ಮಾತ್ರ. ನಾವು ತಲುಪಿದ್ದು ಆರೂವರೆಗೆ, ಬನಶಂಕರಿ ಹತ್ತಿರ ಟ್ರಾಫಿಕ್. ಅವರಿಗೆ ಫೋನು, ಇವರಿಗೆ ಫೋನು, ಕೊನೆಗೆ ಒಳಗೆ ಬಿಟ್ಟಾಗ ಎಂಟು ಗಂಟೆ. ಅಷ್ಟೊತ್ತೂ ಕಲ್ಲು ಒಣ ಕ್ರೇಟಿನಲ್ಲಿತ್ತು, ಮೇಲೆ ಒಂದು ಒದ್ದೆ ಬಟ್ಟೆಯೂ ಇಲ್ಲ. ಕಲ್ಲಿನ ಸಂದಿಯಲ್ಲಿರುವ ಸ್ಪಂಜುಗಳು ಗಾಳಿಗೆ ಬಂದರೆ ಸಾಯುತ್ತವೆ. ಸತ್ತದ್ದೆಲ್ಲ ಆಮೇಲೆ ನೀರಿನಲ್ಲಿ ಅಮೋನಿಯಾ ಆಗುತ್ತೆ.

ಎಲ್ಲ ಸುರಿದಾಗ ನೀರು ಗಸಿ ಹಾಗಿತ್ತು. "ಬೆಳಗ್ಗೆಗೆ ತಿಳಿಯಾಗುತ್ತೆ ಸರ್." ಮೀನಿನ ಚೀಲ ಬಿಚ್ಚಿ, ಸಣ್ಣ ಪೈಪಿನಿಂದ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಅದಕ್ಕೆ ಬಿಟ್ಟು ಒಂದು ಗಂಟೆ ಇಟ್ಟರು. ಇದು ನೋಡೋಕೆ ಬಹಳ ಜಾಗ್ರತೆಯ ಕೆಲಸ ಅನ್ನಿಸುತ್ತೆ. ಆದರೆ ಮೀನು ತುಂಬಾ ಹೊತ್ತು ಚೀಲದಲ್ಲಿದ್ದಾಗ ಇದೇ ತಪ್ಪು. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬುತ್ತೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಯುತ್ತೆ. ಪಿಎಚ್ ಇಳಿದಿರುವಾಗ ಅಮೋನಿಯಾ ಅಷ್ಟು ವಿಷವಲ್ಲ. ಚೀಲ ಬಿಚ್ಚಿದ ಮೇಲೆ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತೆ, ಅದೇ ಅಮೋನಿಯಾ ಕಿವಿರು ಸುಡುತ್ತೆ. ಆ ನೀರಲ್ಲಿ ಒಂದು ಗಂಟೆ! ಚೀಲದ ಬಿಸಿ, ಟ್ಯಾಂಕಿನ ಬಿಸಿ ಒಂದೇ ಮಾಡಿ, ಉಪ್ಪಿನ ಅಳತೆ ಹೊಂದುತ್ತಾ ನೋಡಿ, ಬೇಗ ಬಿಟ್ಟುಬಿಡಬೇಕಿತ್ತು. ಬಿಡುವ ನೀರು ಚೆನ್ನಾಗಿರಬೇಕು ಅನ್ನಿ. ನಮ್ಮದು ಅದೂ ಇರಲಿಲ್ಲ.

ಹತ್ತೂವರೆಗೆ ದುಡ್ಡು ತಗೊಂಡು ಅವರು ಹೋದರು. ಹನ್ನೆರಡಕ್ಕೆ ಟ್ಯಾಂಗ್ ಮೇಲೆ ಬಂದು ಬಾಯಿ ಬಾಯಿ ಬಿಡ್ತಿತ್ತು. ಅಮೋನಿಯಾ ಟೆಸ್ಟ್ ಕಿಟ್ ಎಲ್ಲಿ? ಯಾವುದೋ ರಟ್ಟಿನ ಡಬ್ಬದಲ್ಲಿ. ನಾನು, ಹೆಂಡತಿ ಸೇರಿ ಹದಿನಾಲ್ಕು ಡಬ್ಬ ಬಿಚ್ಚಿದೆವು. ಸಾರಿನ ಪುಡಿ, ಸಾಸಿವೆ ಡಬ್ಬಗಳ ನಡುವೆ ಒಂದು ಗಂಟೆಗೆ ಸಿಕ್ಕಿತು. ಹಳದಿ ಇರಬೇಕಾದ ಬಣ್ಣ ಕಡು ಹಸಿರಿಗೆ ತಿರುಗಿತು. ಕಿಟ್ಟಿನ ಬಣ್ಣದ ಪಟ್ಟಿಯಲ್ಲಿ ಅದು 4 ಪಿಪಿಎಂ (ಹತ್ತು ಲಕ್ಷ ಪಾಲಿಗೆ ನಾಲ್ಕು ಪಾಲು). ಒಳ್ಳೆ ಟ್ಯಾಂಕಿನಲ್ಲಿ ಅದು ಸೊನ್ನೆ ಇರಬೇಕು. ಸಮುದ್ರದ ನೀರಿನ ಪಿಎಚ್ 8ರ ಮೇಲಿರುತ್ತೆ, ಹಾಗಾಗಿ ಸಿಹಿನೀರಿಗಿಂತ ಇಲ್ಲಿ ಅಮೋನಿಯಾದ ಹೊಡೆತ ಜಾಸ್ತಿ.

ನೀರು ಬದಲಿಸಬೇಕು. ಯಾವ ನೀರಿನಿಂದ? ನನ್ನ ಹತ್ತಿರ ಒಂದು ಲೀಟರ್ ಹೊಸ ಉಪ್ಪುನೀರೂ ಇರಲಿಲ್ಲ. ಆರ್‌ಒ ಯಂತ್ರ ಇನ್ನೂ ಗೋಡೆಗೆ ಕೂರಿಸಿರಲಿಲ್ಲ. ಫ್ಲ್ಯಾಟಿನದು ಬೋರ್‌ವೆಲ್ ನೀರು. ಉಪ್ಪಿನ ಬಕೆಟ್ ಹಳೇ ಮನೆಯ ಬಾಲ್ಕನಿಯಲ್ಲೇ ಬಿಟ್ಟು ಬಂದಿದ್ದೆ. ಬೇಡದ ಮರಳು 100 ಕೆಜಿಗೂ ಮೀರಿ ಹೊತ್ತು ತಂದವನು ಬೇಕಾದ ಉಪ್ಪನ್ನು ಮರೆತಿದ್ದೆ. ಹೀಟರ್ ಕೂಡ ಸಿಗಲಿಲ್ಲ. ಬೆಂಗಳೂರಿನಲ್ಲಿ ನಾವೆಲ್ಲ ಚಿಲ್ಲರ್ ಬಗ್ಗೆನೇ ಯೋಚಿಸ್ತೀವಿ, ಜೂನ್ ರಾತ್ರಿಯ ಮಳೆ ಚಳಿ ನೆನಪಿಗೆ ಬರಲ್ಲ. ನೀರು 22 ಡಿಗ್ರಿಗೆ ಇಳಿದಿತ್ತು.

ಮೂರು ಗಂಟೆಗೆ ಟ್ಯಾಂಗ್ ಹೋಯಿತು. ಅದರ ಹಿಂದೆ ಸೀಗಡಿಗಳು. ಐದಕ್ಕೆ ನಾಚಿಕೆ ಬಿಟ್ಟು ಜಯನಗರದ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷದಿಂದ ಉಪ್ಪುನೀರು ಇಟ್ಟವರು. ಆರೂಕಾಲಿಗೆ ಕಾರಿನಲ್ಲಿ ಮೂರು ಕ್ಯಾನ್ ಬೆರೆಸಿಟ್ಟ ಉಪ್ಪುನೀರು, ಒಂದು ಹೀಟರ್, ಬ್ಯಾಟರಿ ಏರ್ ಪಂಪ್ ತಂದರು. ನಾವು ಕುಡಿಯುವ ನೀರು ತರಿಸುವ 20 ಲೀಟರ್ ಕ್ಯಾನ್‌ಗಳೇ. ಟ್ಯಾಂಕ್ ಒಮ್ಮೆ ನೋಡಿದರು, ಮೂಸಿದರು. "ಏನಪ್ಪಾ, ಮರಳೂ ತಂದ್ಯಾ?"

ಟ್ಯಾಂಕನ್ನು ಉಳಿಸುವ ಮಾತೇ ಆಡಲಿಲ್ಲ ಅವರು. ನಾವು ಬಟ್ಟೆ ನೆನೆಸುವ ದೊಡ್ಡ ಟಬ್ ಕೇಳಿದರು. ಚೆನ್ನಾಗಿ ತೊಳೆದು, ಆ 60 ಲೀಟರ್ ಅದಕ್ಕೆ ಹಾಕಿ, ಉಸಿರಿದ್ದ ಮೀನನ್ನೆಲ್ಲ ಹಿಡಿದು ಬಿಟ್ಟರು. ಫಾಕ್ಸ್‌ಫೇಸ್ ಸಂಜೆಯವರೆಗೆ ಇತ್ತು. ರಾಣಿ ಮಾರನೇ ದಿನ ಹೋದಳು. ರಾಜ ಉಳಿದ. ಹವಳಗಳಲ್ಲಿ ಎರಡು ಕಲ್ಲಿನಷ್ಟು ಜೋವಾಂಥಿಡ್ ಮಾತ್ರ ಮುಚ್ಚಿಕೊಂಡೇ ಬದುಕಿದವು.

ಆ ಜೋವಾಂಥಿಡ್ ವಿಷಯದಲ್ಲಿ ಇನ್ನೊಂದು ಅನಾಹುತ ತಪ್ಪಿತು. ಅಂಗಡಿಯವನಿಗೆ ಫೋನ್ ಮಾಡಿ ಬೈದಾಗ ಅವನು "ಕಲ್ಲನ್ನೆಲ್ಲ ಬಿಸಿನೀರಲ್ಲಿ ಕುದಿಸಿಬಿಡಿ ಸರ್, ಕ್ಲೀನ್ ಆಗುತ್ತೆ" ಅಂದಿದ್ದ. ದೊಡ್ಡ ಪಾತ್ರೆ ಒಲೆ ಮೇಲೆ ಇಟ್ಟೂ ಆಗಿತ್ತು. ಹಿರಿಯರು ಓಡಿ ಬಂದು ಗ್ಯಾಸ್ ಆರಿಸಿದರು. ಜೋವಾಂಥಿಡ್ ಗುಂಪಿನ ಕೆಲವು ಜಾತಿಗಳಲ್ಲಿ, ಮುಖ್ಯವಾಗಿ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರುತ್ತೆ. ಹವಾಯಿಯ ಪ್ಯಾಲಿಥೋವಾದಿಂದ ಅದನ್ನು ಬೇರ್ಪಡಿಸಿದ ವಿವರ 1971ರಲ್ಲಿ ಪ್ರಕಟವಾಯಿತು. ನಮಗೆ ಗೊತ್ತಿರುವ ಅತಿ ಘೋರ ವಿಷಗಳಲ್ಲಿ ಒಂದು. ಕುದಿಸಿದರೆ ಅದು ಸಾಯಲ್ಲ, ಹಬೆಯ ಜೊತೆ ಮೂಗಿಗೆ ಬರುತ್ತೆ. ಹಾಗೆ ಕಲ್ಲು ಕುದಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಬ್ರಶ್ಶಿನಿಂದ ಉಜ್ಜುವುದೂ ಅಪಾಯವೇ, ಕಣ್ಣಿಗೆ ಸಿಡಿದರೆ ಕಷ್ಟ. ಗ್ಲೌಸ್, ಕನ್ನಡಕ ಇಲ್ಲದೆ ಅವನ್ನು ಮುಟ್ಟಬೇಡಿ. ಅವತ್ತು ಅಡುಗೆಮನೆಯಲ್ಲಿ ಅಮ್ಮನೂ ಇದ್ದರು, ಮಗಳೂ ಇದ್ದಳು. ಮೀನು ಸತ್ತದ್ದಕ್ಕಿಂತ ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಕೈ ನಡುಗುತ್ತೆ.

ಹಿರಿಯರು ತಮ್ಮ ಟ್ಯಾಂಕ್ ಸಾಗಿಸಿದ ರೀತಿ ಕೇಳಿ ನನಗೆ ಅಳು ಬಂತು, ಅಷ್ಟು ಸುಲಭ. ಎರಡು ತಿಂಗಳು ಮುಂಚೆಯಿಂದ ಪ್ರತಿ ಸಲ ನೀರು ಬದಲಿಸುವಾಗ ಪೈಪಿನಿಂದ ಸ್ವಲ್ಪ ಸ್ವಲ್ಪವೇ ಮರಳು ಎಳೆದು ಬಿಸಾಕಿದ್ದರು. ಸಾಗಿಸುವ ದಿನಕ್ಕೆ ತಳ ಖಾಲಿ. ಹೊಸ ಮನೆಯಲ್ಲಿ ಎರಡು ದಿನ ಮುಂಚೆಯೇ ಆರ್‌ಒ ಕೂರಿಸಿ, ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಉಪ್ಪು ಬೆರೆಸಿ, ಪಂಪು ಹೀಟರ್ ಹಾಕಿ ತಿರುಗಿಸಿಟ್ಟಿದ್ದರು. ಹಳೇ ನೀರಿನ ಮೇಲೆ ಅವರಿಗೆ ಮೋಹ ಇರಲಿಲ್ಲ, ಮುಕ್ಕಾಲು ಪಾಲು ಹೊಸದೇ. ಕಲ್ಲನ್ನು ನೀರಿನಲ್ಲೇ ಮುಳುಗಿಸಿ ಒಯ್ದರು. ಮೀನು ಒಂದು ವಾರ ಟಬ್ಬಿನಲ್ಲಿ ಕಲ್ಲುಗಳ ಜೊತೆಗೇ ಇದ್ದವು. ಅಮೋನಿಯಾ ಒಂದು ವಾರ ಸೊನ್ನೆ ತೋರಿಸಿದ ಮೇಲೆ ಟ್ಯಾಂಕಿಗೆ. ಮರಳು ಬೇಕು ಅನ್ನಿಸಿದಾಗ, ತಿಂಗಳ ನಂತರ, ಹೊಸದು ತೊಳೆದು ತೆಳ್ಳಗೆ ಹಾಕಿದರು. ಮನೆ ಸಾಮಾನು ಬಂದದ್ದು ಮೀನು ಟ್ಯಾಂಕಿಗೆ ಸೇರಿ ಹತ್ತು ದಿನಕ್ಕೆ.

ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ. "ಮೀನಿಗೆ ಗ್ಯಾರಂಟಿ ಇಲ್ಲ ಸರ್" ಅಂದ. ಬರಹದಲ್ಲಿ ಏನೂ ತಗೊಂಡಿರಲಿಲ್ಲ, ನಾನೂ ಸುಮ್ಮನಾದೆ.

ಈಗ ಚಿಕ್ಕ ಟ್ಯಾಂಕು, ತಳ ಬರೀ ಗಾಜು. ರಾಜ ಒಬ್ಬನೇ ಇದ್ದಾನೆ. ಊಟ ಮಾಡ್ತಾನೆ, ಕೈ ಹಾಕಿದರೆ ಕಚ್ಚೋಕೆ ಬರ್ತಾನೆ. ಸ್ವಲ್ಪ ದಪ್ಪವೂ ಆಗಿದ್ದಾನೆ. ಕ್ಲೌನ್ ಫಿಶ್ ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಉಳಿದ ಗಂಡೇ ನಿಧಾನಕ್ಕೆ ಹೆಣ್ಣಾಗುತ್ತೆ. ಇದನ್ನು ಮಗಳಿಗೆ ಹೇಳಿದೆ. ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿ ಕೇಳಿದಳು: "ಹಾಗಾದ್ರೆ ಅಪ್ಪಾ, ಇವನನ್ನ ಯಾವತ್ತಿಂದ ರಾಣಿ ಅನ್ಬೇಕು?"